ನೀರು ಗುಡಿಸುವ ಯಂತ್ರ

ನೀರನ್ನು ಗುಡಿಸುವುದಕ್ಕಿಂತ ಬೇಸರದ ಕೆಲಸ ಈ ಲೋಕದಲ್ಲಿ ಇನ್ನೊಂದಿದೆ ಎಂದು ನನಗನ್ನಿಸುವುದಿಲ್ಲ. ಅಂಗಳ ಗುಡಿಸಿದರೆ ಕಸ ಒಂದು ಮೂಲೆಗಾದರೂ ಬಂದು ಕೂರುತ್ತದೆ. ನೀರಿನ ಕಸಕ್ಕೆ ಅಷ್ಟೂ ಮರ್ಯಾದೆಯಿಲ್ಲ. ಬಲೆಯನ್ನು ಹತ್ತಿರ ತಂದರೆ ಆ ಅಲೆಗೇ ದೂರ ಸರಿಯುತ್ತದೆ, ಸಾಕೆಂದು ತಿರುಗಿದರೆ ಬೆನ್ನ ಹಿಂದೆಯೇ ತೇಲಿ ಬರುತ್ತದೆ. ತಳದಲ್ಲಿ ಕೂತ ಮಣ್ಣಿನ ಸುದ್ದಿಯಂತೂ ಬೇಡ. ಮುಟ್ಟಿದ ಕೂಡಲೇ ಎದ್ದು ನೀರೆಲ್ಲ ರಾಡಿಮಾಡಿ, ನಾವು ಮನೆಗೆ ಹೋದ ಮೇಲೆ ಮತ್ತೆ ತನ್ನ ಜಾಗದಲ್ಲೇ ಮಲಗುತ್ತದೆ. ಇದನ್ನೆಲ್ಲ ನಾನು ಅಧಿಕಾರದಿಂದಲೇ ಹೇಳುತ್ತಿದ್ದೇನೆ. ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ ನನ್ನ ಕೆಲಸವೇ ಇದಾಗಿತ್ತು.

ಪಿರಿಯಾಪಟ್ಟಣದಲ್ಲಿ ಪಾಠ ಹೇಳಿಕೊಂಡಿದ್ದು ನಿವೃತ್ತನಾದ ಮೇಷ್ಟ್ರ ಮನೆಯಲ್ಲಿ ಈಜುಕೊಳವೇಕೆ ಎಂದು ನೀವು ಕೇಳುವುದು ನ್ಯಾಯವೇ. ನಮ್ಮೂರಿನವರೂ ಕೇಳಿದ್ದಾರೆ. ಬೆಟ್ಟದಪುರದ ದಾರಿಯಲ್ಲಿ ನಮ್ಮ ಮನೆಯಿರುವ ಜಮೀನಿನಲ್ಲಿ, ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಿಡಿದಿಡಲು ಅಪ್ಪ ಕಟ್ಟಿಸಿದ್ದ ಒಂದು ದೊಡ್ಡ ಸಿಮೆಂಟು ತೊಟ್ಟಿಯಿತ್ತು. ನನ್ನ ಹೆಂಡತಿ ಜಯಮ್ಮನ ಎರಡೂ ಮಂಡಿಗಳು ಸವೆದು, ಕೂತರೆ ಏಳಲಾರದೆ ಎದ್ದರೆ ಕೂರಲಾರದೆ ಒದ್ದಾಡುತ್ತಿದ್ದ ಕಾಲದಲ್ಲಿ ಮೈಸೂರಿನ ಡಾಕ್ಟರೊಬ್ಬರು, ದಿನಾ ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಡೆಯಿರಿ, ಮೈಭಾರವನ್ನು ನೀರು ಹೊರುತ್ತದೆ, ಇಲ್ಲದಿದ್ದರೆ ಆಪರೇಷನ್ನೇ ಗತಿ ಎಂದರು. ಆಪರೇಷನ್ ಎಂಬ ಮಾತು ಕೇಳಿದ ಮೇಲೆ ಜಯಮ್ಮ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಆಗ ಅಪ್ಪನ ತೊಟ್ಟಿಯನ್ನು ಎರಡು ಪಾಲು ಉದ್ದಮಾಡಿ, ಒಳಗೆ ನೀಲಿ ಟೈಲ್ಸ್ ಹಾಕಿಸಿ, ನೀರು ಸೋಸುವ ಒಂದು ಮೋಟಾರು ಕೂರಿಸಿದೆವು. ದಾರಿಹೋಕರ ಕಣ್ಣು ಬೀಳದಿರಲೆಂದು ಸುತ್ತ ತೆಂಗಿನ ಗರಿಯ ತಡಿಕೆ ಕಟ್ಟಿದೆವು. ಅಷ್ಟಕ್ಕೇ ಅದಕ್ಕೆ ಊರಿನಲ್ಲಿ ಸ್ವಿಮ್ಮಿಂಗ್ ಪೂಲ್ ಎಂಬ ಬಿರುದು ಬಂತು. ನನಗೂ ಒಂದಿಷ್ಟು ಶ್ರೀಮಂತ ಎಂಬ ಅಪವಾದ ಬಂತು.

ಮದ್ದು ಫಲಿಸಿತು. ಹಳೆಯ ನೈಟಿ ತೊಟ್ಟು ಅವಳು ನೀರಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುವಳು. ಅವಳ ಮೈಗೆ ಕಸ ತಾಕದಿರಲೆಂದು ನಾನು ಉದ್ದ ಕೋಲಿನ ಬಲೆ ಹಿಡಿದು ದಡದಲ್ಲಿ ಅವಳ ಪಕ್ಕಕ್ಕೇ ಎಲೆ ತೆಗೆಯುತ್ತಾ ಹೋಗುವೆ. ಬೇಲಿಯ ಸಾಲಿನ ಸಿಲ್ವರ್ ಓಕ್ ಮರಗಳು ವರ್ಷವಿಡೀ ಎಲೆ ಉದುರಿಸುತ್ತವೆ. ಮರ್ಯಾದೆ ಕಾಯಲೆಂದು ಕಟ್ಟಿದ ತಡಿಕೆಯೂ ತನ್ನ ಪಾಲಿನ ಕಡ್ಡಿ ಉದುರಿಸುತ್ತದೆ. ವರ್ಷ ಕಳೆಯುವುದರೊಳಗೆ ಜಯಮ್ಮ ಸೊಪ್ಪಿನ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವಂತಾದಳು. ಅವಳ ಮಂಡಿಯ ನೋವು ಇಳಿದ ಹಾಗೆ ಅಷ್ಟಷ್ಟೇ ನನ್ನ ಸೊಂಟಕ್ಕೆ ಬಂತು.

ಹಳೆಯ ಕೆರೆಗಳ ಶಾಸನ ಓದುವುದು ನನಗೊಂದು ಚಟ. ಇಂಥವನು ಕೆರೆ ಕಟ್ಟಿಸಿದ, ಇಂಥವಳು ತೂಬು ಇಡಿಸಿದಳು, ಇದಕ್ಕೆ ಅಳುಪಿ ಕೇಡು ಮಾಡಿದವನು ನರಕಕ್ಕೆ ಹೋಗುವನು ಎಂದೆಲ್ಲ ಕಲ್ಲಿನ ಮೇಲೆ ವಿವರವಾಗಿ ಇರುತ್ತದೆ. ಆಮೇಲೆ ದಿನಾ ಬಂದು ಪಾಚಿ ತೆಗೆದವನು ಯಾರು, ಅವನ ಸೊಂಟದ ಗತಿ ಏನಾಯಿತು ಎಂದು ಬರೆಸಿದ ಒಂದೇ ಒಂದು ಕಲ್ಲನ್ನೂ ನಾನು ಕಂಡಿಲ್ಲ. ನೀರಿನ ಪುಣ್ಯವೆಲ್ಲ ಮೊದಲ ದಿನವೇ ಮುಗಿದುಹೋಗುತ್ತದೆ, ಉಳಿಯುವುದು ಚಾಕರಿ. ಬಲೆ ಹಿಡಿದ ದಿನಗಳಲ್ಲಿ ನನಗೆ ಇಂಥ ಜ್ಞಾನ ಬಹಳ ಉಂಟಾಗುತ್ತಿತ್ತು, ಪ್ರಯೋಜನವೇನೂ ಆಗಲಿಲ್ಲ.

ಹೀಗಿರುವಾಗ ಒಂದು ದಿನ ಜಯಮ್ಮ ನೀರಿಗಿಳಿಯುವುದನ್ನು ನಿಲ್ಲಿಸಿಬಿಟ್ಟಳು. ಮಂಡಿ ವಾಸಿಯಾಯಿತು, ಇನ್ನು ಬೇಡ ಎಂದಳು. ನೀರೂ ತಣ್ಣಗಿದೆ ಎಂದಳು. ನಾನು ನಂಬಿದೆ, ನಂಬುವುದೇ ಸೊಂಟಕ್ಕೂ ಹಿತವಾಗಿತ್ತು. ಆದರೆ ಎರಡು ತಿಂಗಳಿಗೆಲ್ಲ ಅವಳು ಗೋಡೆ ಹಿಡಿದು ಏಳುವುದು, ಮೆಟ್ಟಿಲ ಹತ್ತಿರ ನಿಂತು ಏನೋ ನೆನಪಾದವಳಂತೆ ನಟಿಸುವುದು ಕಣ್ಣಿಗೆ ಬಿತ್ತು. ಆಮೇಲೆ ಗೊತ್ತಾಯಿತು, ನಾನು ಸೊಂಟ ಹಿಡಿದುಕೊಂಡು ಏಳುವುದನ್ನು ಅವಳೂ ಹೀಗೇ ನೋಡಿದ್ದಳು. ಡಾಕ್ಟರ ಮಾತು ನೆನೆದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆಪರೇಷನ್ ಟೇಬಲ್ಲಿಗೆ ಅವಳನ್ನು ಕಳಿಸದೆ ಇರಬೇಕಾದರೆ ಮತ್ತೆ ನೀರಿಗಿಳಿಸಬೇಕು, ಅವಳು ನೀರಿಗಿಳಿಯಬೇಕಾದರೆ ನಾನು ಬಲೆ ಹಿಡಿಯಬಾರದು. ತಾನೇ ನೀರಲ್ಲಿ ಓಡಾಡಿ ಕಸ ಹೀರುವ ಯಂತ್ರವೊಂದು ಬಂದಿದೆಯೆಂದು ಕಬಿನಿ ಕಡೆಯ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿ ಹೇಳಿದ್ದು ಆಗಲೇ.

ಆರಿಸುವ ಕೆಲಸವೂ ಸುಸ್ತಿನದೇ. ಮೈಸೂರಿನ ಅಂಗಡಿಯವನು ಮೂರು ಬಗೆ ತೋರಿಸಿದ. ಒಂದನ್ನು ನಮ್ಮ ಮೋಟಾರಿಗೇ ಪೈಪಿನಿಂದ ಸಿಕ್ಕಿಸಿ ಕಸ ಎಳೆಸಬೇಕು, ನಮ್ಮ ಮೋಟಾರಿಗೆ ಅಷ್ಟು ಉಸಿರಿಲ್ಲ. ಇನ್ನೊಂದಕ್ಕೆ ನೀರನ್ನು ರಭಸದಿಂದ ನುಗ್ಗಿಸುವ ಬೇರೆ ಪಂಪೇ ಬೇಕು. ಮೂರನೆಯದು ಕರೆಂಟಿನ ರೋಬೋಟು. ಹೊಟ್ಟೆಯಲ್ಲಿ ಚೀಲ, ಕೆಳಗೆ ತಿರುಗುವ ಬ್ರಷ್ಷು, ಎರಡು ಪಕ್ಕಕ್ಕೂ ಬುಲ್ಡೋಜರಿನಂಥ ರಬ್ಬರು ಪಟ್ಟಿ. ಗೋಡೆಯನ್ನೂ ಹತ್ತುತ್ತದೆ ಸಾರ್ ಎಂದ. ಅವನು ಕೊಟ್ಟ ಬಣ್ಣದ ಪುಸ್ತಕದಲ್ಲಿ ಕೊಳದ ಪಕ್ಕ ಬಿಳಿಯ ದಂಪತಿಗಳು ಕಪ್ಪು ಕನ್ನಡಕ ಹಾಕಿ ಮಲಗಿದ್ದರು. ಅವರ ನೀರಿನಲ್ಲಿ ಒಂದೆಲೆಯೂ ಇರಲಿಲ್ಲ. ಸಿಲ್ವರ್ ಓಕ್ ಎಲೆ ನುಂಗುತ್ತದೆಯೇ, ಕೆಮ್ಮಣ್ಣು ಹೀರುತ್ತದೆಯೇ ಎಂದು ಕೇಳಿದರೆ, ಎಲ್ಲವನ್ನೂ ತಿನ್ನುತ್ತದೆ ಎಂದ. ಮಗನ ಮದುವೆಗೆ ಹೆಣ್ಣು ಕೇಳಲು ಹೋದವನಂತೆ ನಾನು ಅದರ ಹಿಂದೆ ಮುಂದೆ ತಿರುಗಿ ನೋಡಿದೆ. ಏನು ನೋಡಬೇಕೆಂದೇ ಗೊತ್ತಿರಲಿಲ್ಲ. ಮೊದಲು ನಿಮ್ಮ ಮನೆಯಲ್ಲೇ ಓಡಿಸಿ ತೋರಿಸುತ್ತೇನೆ, ಒಪ್ಪಿದರೆ ಇಟ್ಟುಕೊಳ್ಳಿ ಎಂದದ್ದಕ್ಕೆ ಹೂಂ ಅಂದೆ.

ಅವನು ಯಂತ್ರದೊಂದಿಗೆ ಬಂದ ಬೆಳಿಗ್ಗೆ ಪಕ್ಕದ ಜಮೀನಿನ ಪುಟ್ಟೇಗೌಡರೂ ನೋಡಲು ಬಂದರು. ಬಾವಿಯ ನೀರು ಚೊಕ್ಕಟವಾಗಿರಲೆಂದು ಆಮೆ ಬಿಡುತ್ತಿದ್ದ ಕಾಲದವರು ಅವರು. ಪೆಟ್ಟಿಗೆಯಿಂದ ಹೊರಬಂದದ್ದನ್ನು ನೋಡಿ, "ಇಷ್ಟುದ್ದದ ವೈರು ಕಟ್ಟಿರೋ ಆಮೇನ ನಾನು ನೋಡೇ ಇರ್ನಿಲ್ಲ ಕಣ್ರೀ ಮೇಷ್ಟ್ರೇ" ಎಂದರು. ಅಂಗಡಿಯವನು ಅದನ್ನು ನೀರಿಗೆ ಬಿಡಲು ಎತ್ತಿದ. ತಾಳಿ ಎಂದರು ಗೌಡರು. ಚಕ್ರ ಇರುವ ಯಾವ ವಸ್ತುವೂ ಪೂಜೆಯಿಲ್ಲದೆ ನಮ್ಮ ಸೀಮೆಯಲ್ಲಿ ಹೊರಟದ್ದಿಲ್ಲ. ಟ್ರ್ಯಾಕ್ಟರಿಗೆ ಮಾಡಿದ್ದನ್ನು ಇದಕ್ಕೇಕೆ ತಪ್ಪಿಸಬೇಕೆಂದು ನನಗೂ ಅನ್ನಿಸಿತು. ಜಯಮ್ಮ ಕುಂಟುತ್ತಾ ಒಳಗೆ ಹೋಗಿ ತಟ್ಟೆ ತಂದಳು. ಬೆನ್ನಿಗೆ ಅರಿಶಿನ ಕುಂಕುಮ ಬಳಿದು, ಸೇವಂತಿಗೆ ಹಾರ ಸುತ್ತಿ, ರಬ್ಬರು ಪಟ್ಟಿಗಳ ಕೆಳಗೆ ನಿಂಬೆಹಣ್ಣಿಟ್ಟೆವು. ಹಿಂದೆ ಮುಂದೆ ದಬ್ಬಿ ಹಣ್ಣು ಹಿಚುಕಿಸಿದ್ದೂ ಆಯಿತು. ಕಾಯಿ ಒಡೆದೆವು. ಅಂಗಡಿಯವನೂ ಮೈಸೂರಿನವನೇ, ಬೇಡ ಎನ್ನಲು ಅವನಿಗೂ ಬಾಯಿ ಬರಲಿಲ್ಲ, ಕೈಮುಗಿದ.

ನೀರಿಗೆ ಬಿಟ್ಟ ಕೂಡಲೇ ಕೊಳ ಕೆಂಪಾಯಿತು. ಯಂತ್ರ ಗೊರಗೊರ ಎನ್ನುತ್ತಾ ಮುಳುಗಿ ತನ್ನ ಮೈಯಿಂದ ಬಿಟ್ಟ ಕುಂಕುಮವನ್ನು ತಾನೇ ಅಟ್ಟಿಸಿಕೊಂಡು ಹೋಯಿತು. ಹೋದಲ್ಲೆಲ್ಲ ಇನ್ನಷ್ಟು ಬಿಟ್ಟಿತು. ಆಮೇಲೆ ಹಾರದ ದಾರ ಬ್ರಷ್ಷಿಗೆ ಸುತ್ತಿಕೊಂಡು, ನಿಂಬೆಯ ಸಿಪ್ಪೆ ಪಟ್ಟಿಗೆ ಸಿಕ್ಕಿ, ಒಂದೇ ಕಡೆ ಗಿರಗಿರ ತಿರುಗಿ ನಿಂತಿತು. ಎತ್ತಿ ಚೀಲ ಬಿಚ್ಚಿದರೆ ಒಳಗೆ ಸಿಲ್ವರ್ ಓಕ್ ಎಲೆ ಒಂದೂ ಇಲ್ಲ, ಸೇವಂತಿಗೆಯ ದಳಗಳು ಒಂದು ಬೊಗಸೆ. ನಾವೇ ಕಸ ಹಾಕಿ ನಾವೇ ತೆಗೆಸಿದ ಈ ಪರೀಕ್ಷೆಯಲ್ಲಿ ಯಂತ್ರ ಪಾಸೋ ಫೇಲೋ ಎಂದು ಎಷ್ಟೋ ಉತ್ತರಪತ್ರಿಕೆ ತಿದ್ದಿದ ನನಗೂ ತೀರ್ಮಾನಿಸಲಾಗಲಿಲ್ಲ.

ದಾರ ಬಿಡಿಸಿ ಮತ್ತೆ ಬಿಟ್ಟಾಗ ಕರೆಂಟು ಹೋಯಿತು. ಗೋಡೆಯ ಅರ್ಧಕ್ಕೆ ಹತ್ತಿದ್ದ ಯಂತ್ರ ಮೆಲ್ಲಗೆ ಜಾರಿ ತಳದಲ್ಲಿ ಕೂತುಕೊಂಡಿತು. ಮಧ್ಯಾಹ್ನ ಕರೆಂಟು ಬಂದಿತು, ಓಲ್ಟೇಜ್ ಬರಲಿಲ್ಲ. ಅಂಗಡಿಯವನು ನಮ್ಮಲ್ಲೇ ಊಟ ಮಾಡಿ, ನಮ್ಮ ಜಗಲಿಯಲ್ಲೇ ಮಲಗಿ, ಸಂಜೆ ಹೊತ್ತಿಗೆ ತನ್ನ ಮದುವೆಯ ವಿಷಯವನ್ನೂ ಜಯಮ್ಮನಿಗೆ ಹೇಳಿ ಮುಗಿಸಿದ್ದ. ಕೊನೆಗೆ ದೀಪ ಹಚ್ಚುವ ವೇಳೆಗೆ ಯಂತ್ರ ನಿಜವಾಗಿ ಓಡಿತು. ಕೆಮ್ಮಣ್ಣು ಹೀರಿತು, ಎಲೆ ನುಂಗಿತು, ಗೋಡೆ ಹತ್ತಿ ಪಾಚಿಯನ್ನೂ ಉಜ್ಜಿತು. ಟೈಲ್ಸಿನ ಗೆರೆಗಳು ಕಾಣುವಷ್ಟು ನೀರು ತಿಳಿಯಾಯಿತು. ಇಟ್ಟುಕೊಂಡೆವು.

ಇಷ್ಟೆಲ್ಲ ಆದ ಮೇಲೂ ಜಯಮ್ಮ ನೀರಿಗೆ ಇಳಿಯಲಿಲ್ಲ.

ಇವತ್ತು ತಲೆಸ್ನಾನ, ನಾಳೆ ಶೀತ, ನಾಡಿದ್ದು ನೆಂಟರು. ಯಂತ್ರ ದಿನಾ ಯಾರಿಗೂ ಬೇಡದ ನೀರನ್ನು ಶ್ರದ್ಧೆಯಿಂದ ಗುಡಿಸುತ್ತಿತ್ತು. ನಾನು ದಡದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ ಅದರ ಮೇಲ್ವಿಚಾರಣೆ ಮಾಡುತ್ತಿದ್ದೆ. ಸೊಂಟಕ್ಕೆ ಸುಖವಾಗಿತ್ತು, ಮನಸ್ಸಿಗಲ್ಲ. ಅವಳು ಅಡುಗೆಮನೆಯಲ್ಲಿ ಒಂದು ಡಬ್ಬಿ ತೆಗೆಯಲು ಕಟ್ಟೆ ಹಿಡಿದು ಬಗ್ಗುವಾಗ ಬಾಯಿಂದ ಬರುತ್ತಿದ್ದ ಸಣ್ಣ ನರಳಿಕೆ ನನಗೆ ಕೇಳಿಸುತ್ತಿತ್ತು. ಕೊನೆಗೊಂದು ಬೆಳಿಗ್ಗೆ ತಾಳ್ಮೆಗೆಟ್ಟು, ನಿನಗೋಸ್ಕರ ತಂದದ್ದಲ್ಲವೇ ಇದೆಲ್ಲ, ಇನ್ನೇನು ಮಾಡಲಿ, ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೊಯ್ಯಿಸಲೇ ಎಂದು ರೇಗಿದೆ. ರೇಗಿದ ಕೂಡಲೇ ಸಾಕಾಗಿ ಕೂತುಬಿಟ್ಟೆ.

ಜಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತಳು. "ನಿಮ್ಗೆ ಸುಸ್ತಾಯ್ತದೆ ಅಂತ ಬುಟ್ಟೆ. ಆಗ ನೀವು ದಡದ ಮ್ಯಾಲೆ ನಡೀತಿದ್ರಿ, ನಾನು ನೀರ್ನಲ್ಲಿ ನಡೀತಿದ್ದೆ. ಮಾತಾಡ್ಕಂಡು ಜೊತೇಲೇ ಹೋಯ್ತಿದ್ದೊ. ಈಗ ನೀವು ಪೇಪರ್ ಹಿಡ್ಕಂಡು ಕುಂತಿರ್ತೀರಿ. ನೀರ್ನಲ್ಲಿ ಅದೊಂದು ಗೊರಗೊರ ಅಂತಿರ್ತದೆ. ನಾನು ಒಬ್ಳೇ ಎಲ್ಲಿಗೇಂತ ನಡೀಲಿ ಹೇಳಿ."

ಅಷ್ಟು ದಿನ ನಾನು ಎಲೆ ತೆಗೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ನಾವಿಬ್ಬರೂ ದಿನಾ ವಾಕಿಂಗ್ ಹೋಗುತ್ತಿದ್ದೆವು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಗಂಡಸಿಗೆ ತಾನು ಏನು ಕೆಲಸ ಮಾಡುತ್ತಿದ್ದೇನೆಂದು ಹೆಂಡತಿಯೇ ಹೇಳಬೇಕಾಗುತ್ತದೆ ನೋಡಿ. ಮನಸ್ಸು ಕರಗಿಹೋಯಿತು.

ಈಗ ಯಂತ್ರದ ಪಾಳಿ ನಸುಕಿಗೇ, ಕರೆಂಟು ದಯೆತೋರಿದರೆ. ಬಿಸಿಲು ಬಂದ ಮೇಲೆ ಅದನ್ನು ಎತ್ತಿ ಪಕ್ಕಕ್ಕಿಡುತ್ತೇನೆ. ಜಯಮ್ಮ ಕಂಬಿ ಹಿಡಿದು ಇಳಿಯುತ್ತಾಳೆ. ನಾನು ಬರಿಗೈಯಲ್ಲಿ ದಡದ ಮೇಲೆ ನಡೆಯುತ್ತೇನೆ. ಬರಿಗೈಯಲ್ಲಿ ನಡೆಯುವುದಕ್ಕೆ ಮೊದಮೊದಲು ಬಲು ನಾಚಿಕೆಯಾಯಿತು. ಪುಟ್ಟೇಗೌಡರು ತಡಿಕೆಯ ಮೇಲೆ ನನ್ನ ತಲೆಯಷ್ಟನ್ನೇ ಕಂಡು ಆಚೆಯಿಂದ, ಏನು ಮೇಷ್ಟ್ರೇ, ಏನೋ ಕಳೆದುಕೊಂಡವರ ಹಾಗೆ ಸುತ್ತುತ್ತಿದ್ದೀರಿ ಎಂದು ಕೇಳುತ್ತಾರೆ. ಸುಮ್ಮನೆ ಎನ್ನುತ್ತೇನೆ. ಸೊಂಟ ಸುಮ್ಮನಿದೆ, ಈಗ ಕಾಲು ನೋಯುತ್ತದೆ. ಅರ್ಧ ಗಂಟೆ ಓಡಿದರೆ ಯಂತ್ರ ತಾನೇ ನಿಲ್ಲುವಂತೆ ಅದರ ಮೈಯಲ್ಲಿ ಏರ್ಪಾಡಿದೆ. ನನಗದಿಲ್ಲ. ಇನ್ನೇನು ಸಾಕು ಎಂದು ಕುರ್ಚಿಯ ಕಡೆ ನೋಡಿದರೆ ನೀರಿನಿಂದ ಜಯಮ್ಮ, "ಇನ್ನೊಂದು ಸುತ್ತು" ಎನ್ನುತ್ತಾಳೆ. ನಡೆಯುತ್ತೇನೆ.