ಎಡಗಡೆ ಸೀಟಿನ ಬ್ರೇಕು

ನನ್ನನ್ನು ಜನ ಕರೆಯುವುದು ‘ಲೇ ಡ್ರೈವರ’ ಎಂದು. ಚಳ್ಳಕೆರೆ–ಮೊಳಕಾಲ್ಮೂರು ರಸ್ತೆಯಲ್ಲಿ ಟೆಂಪೊ ಓಡಿಸುವವನಿಗೆ ಅದಕ್ಕಿಂತ ಒಳ್ಳೆಯ ಹೆಸರು ಯಾರು ಕೊಡುತ್ತಾರೆ? ಮೀಸೆ ಚಿಗುರದವರೂ ಹಾಗೇ ಕೂಗಿ ಇಳಿದುಹೋಗುತ್ತಾರೆ. ನನಗೆ ಒಮ್ಮೆಯಾದರೂ ‘ಮೇಷ್ಟ್ರೇ’ ಅನ್ನಿಸಿಕೊಳ್ಳಬೇಕೆಂಬ ಆಸೆಯಿತ್ತು. ಅವ್ವನಿಗೆ ನನಗಿಂತ ಹೆಚ್ಚು. ಶಾಲೆಯ ಮೇಷ್ಟ್ರಾಗುವಷ್ಟು ಓದು ನನ್ನ ತಲೆಗೆ ಹತ್ತಲಿಲ್ಲ. ಹೇಗೋ ಎಸ್ಸೆಸ್ಸೆಲ್ಸಿ ದಾಟಿ, ಐಟಿಐನಲ್ಲಿ ಮೆಕ್ಯಾನಿಕ್ ಕೆಲಸ ಕಲಿತು, ಕೊನೆಗೆ ಟೆಂಪೊ ಹತ್ತಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಚಳ್ಳಕೆರೆಯ ಒಂದು ಡ್ರೈವಿಂಗ್ ಸ್ಕೂಲಿನ ಮಾಲೀಕರು ಮೊಳಕಾಲ್ಮೂರಿನಲ್ಲಿ ಇನ್ನೊಂದು ಸ್ಕೂಲು ತೆರೆಯಲು ಹೊರಟರು. ಅಲ್ಲಿ ಕಲಿಸುವವರು ಬೇಕಾಗಿತ್ತು. ಇಷ್ಟು ವರ್ಷ ಗಾಡಿ ಓಡಿಸಿದ ಅನುಭವ, ಮೆಕ್ಯಾನಿಕ್ ಸರ್ಟಿಫಿಕೇಟು ಎಲ್ಲ ನನ್ನಲ್ಲಿತ್ತು. ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಲೇ, ಗಾಡಿ ಹೊಡಿಯೋದು ಬೇರೆ, ಹೊಡ್ಸೋದು ಬೇರೆ” ಅಂದರು.

ನಿಜವೇ. ಅವರ ಹಳೆಯ ಕಾರಿನ ಎಡಗಡೆ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಲಿಸುವವನು ಕೂರುವುದು ಅಲ್ಲಿ. ಕೂತರೆ ನನ್ನ ಬಲಗೈ ತಾನಾಗಿ ಸ್ಟೇರಿಂಗಿಗೆ ಹೋಗುತ್ತಿತ್ತು. ಹಿಂದಿನ ಸೀಟಿನಿಂದ ಮಾಲೀಕರು ಪಟ್ ಎಂದು ಹೊಡೆಯುತ್ತಿದ್ದರು. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಕಲಿಸಿ ತೋರಿಸಲು ನನಗೆ ಒಬ್ಬ ಶಿಷ್ಯನನ್ನು ಕೊಟ್ಟರು. ಮೊಳಕಾಲ್ಮೂರಿನ ನೇಕಾರ, ನನ್ನ ವಯಸ್ಸಿನವನೇ. ಆಂಧ್ರದ ಗಡಿಯ ಸೀಮೆಯಾದ್ದರಿಂದ ನಮಗೆಲ್ಲ ಎರಡೂ ಭಾಷೆ ಬರುತ್ತಿತ್ತು; ಅವನದು ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಅವನಿಗೆ ಸೊಂಟ ಹಿಡಿದುಹೋಗಿತ್ತು. ಯಾರದಾದರೂ ಕಾರು ಓಡಿಸಿಕೊಂಡು ಬದುಕಬೇಕೆಂಬುದು ಅವನ ಲೆಕ್ಕಾಚಾರ. ಆದರೆ ಮಗ್ಗದಲ್ಲಿ ಒಂದು ಕಾಲು ತುಳಿದರೆ ಇನ್ನೊಂದು ಮೇಲೇಳಬೇಕು. ಕಾರಿನಲ್ಲೂ ಹಾಗೇ ಮಾಡುತ್ತಿದ್ದ. ಗಾಡಿ ನಿಲ್ಲಿಸಲು ಕ್ಲಚ್ಚು ತುಳಿದೊಡನೆ ಬ್ರೇಕಿನ ಕಾಲು ಎದ್ದುಬಿಡುತ್ತಿತ್ತು. ಕನ್ನಡದಲ್ಲಿ ಹೇಳಿ ಸಾಕಾಗಿ ಒಂದು ದಿನ ತೆಲುಗಿನಲ್ಲಿ “ರೆಂಡೂ ತೊಕ್ಕು” ಅಂದೆ, ಎರಡನ್ನೂ ತುಳಿ ಅಂತ. ಗಾಡಿ ನಿಂತಿತು. ಅವನು ನನ್ನ ಕಡೆ ತಿರುಗಿ, “ಬಂತು ಮೇಷ್ಟ್ರೇ!” ಅಂದ.

ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತೇ ಅವ್ವನಿಗೆ ಹೇಳಿದೆ. ಅವ್ವ ಬೀದಿಗೆಲ್ಲ ಹೇಳಿದಳು.

ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರ್ ಬಂದು ನಾನು ಕಲಿಸುವುದನ್ನು ನೋಡುವ ದಿನ ಹತ್ತಿರವಾಯಿತು. ಅವರು ಒಪ್ಪಿದರೆ ನಾನು ಮೇಷ್ಟ್ರು, ಇಲ್ಲದಿದ್ದರೆ ಡ್ರೈವರನೇ. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. “ಬರೋರು ಈ ಕಡೆಯೋರಲ್ಲ. ತೆಲುಗು ಒಂದಕ್ಷರ ತಿಳಿಯಾಕಿಲ್ಲ. ಅವ್ರ ಮುಂದೆ ನಿನ್ನ ತೊಕ್ಕು ಗಿಕ್ಕು ಬ್ಯಾಡ. ಪುಸ್ತಕದ ಕನ್ನಡದಾಗೆ ಹೇಳು, ಮರ್ಯಾದೆ ಕೊಟ್ಟು ಹೇಳು.” ಟೆಂಪೊ ಓಡಿಸುತ್ತ ‘ಒತ್ತಿರಿ, ಬಿಡಿರಿ, ತಿರುಗಿಸಿರಿ’ ಎಂದು ಬಾಯಿಪಾಠ ಮಾಡಿದೆ. ಹಿಂದೆ ಕೂತವರು ನನಗೆ ಹುಚ್ಚು ಹಿಡಿದಿದೆ ಅಂದುಕೊಂಡರು. ಶಿಷ್ಯನಿಗೂ ಹೇಳಿದೆ. “ನಂಗೆ ಕನ್ನಡ ಬರ್ತೈತೆ ಬಿಡ್ರಿ ಮೇಷ್ಟ್ರೇ” ಅಂದ.

ಆ ದಿನ ಅವ್ವ ಒಗೆದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿ ತೊಟ್ಟಿದ್ದೆ. ಇನ್‌ಸ್ಪೆಕ್ಟರ್ ಬಾನೆಟ್ ತೆಗೆಸಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಆಮೇಲೆ ಅವರೂ ಮಾಲೀಕರೂ ಹಿಂದೆ ಕೂತರು. “ನಿಮ್ಮ ಕಾಲು ಹಿಂದಕ್ಕೆ ಎಳೆದುಕೊಳ್ಳಿ. ಬಾಯಲ್ಲಿ ಹೇಗೆ ಕಲಿಸ್ತೀರಿ ನೋಡೋಣ” ಅಂದರು ಇನ್‌ಸ್ಪೆಕ್ಟರ್. ದೇವಸಮುದ್ರದ ಕಡೆ ಹೊರಟೆವು. ಒತ್ತಿರಿ, ನಿಧಾನವಾಗಿ ಬಿಡಿರಿ. ನನ್ನ ದನಿ ನನಗೇ ರೇಡಿಯೋ ಕೇಳಿದಂತಿತ್ತು. ಹಿಂದಿನಿಂದ ‘ಹ್ಞೂಂ’ ಎಂಬ ಸದ್ದೂ ಬಂತು.

ತಿರುವು ಕಳೆದೊಡನೆ ರಸ್ತೆಯ ಅರ್ಧಕ್ಕೆ ಯಾರೋ ಒಕ್ಕಣೆಗೆ ಹುರುಳಿ ಹರಡಿ, ಸುತ್ತ ದಪ್ಪ ಕಲ್ಲು ಇಟ್ಟಿದ್ದರು. ಶಿಷ್ಯ ಆಗಲೇ ಕ್ಲಚ್ಚು, ಬ್ರೇಕು ಎರಡರ ಮೇಲೂ ಕಾಲಿಟ್ಟಿದ್ದ. ಇನ್ನಷ್ಟು ತುಳಿಯಬೇಕಿತ್ತು, ಅಷ್ಟೇ. ಗಾಬರಿಯಲ್ಲಿ ನನ್ನ ಬಾಯಿಂದ ‘ರಿ’ ಉದುರಿಹೋಯಿತು. “ಒತ್ತು! ಒತ್ತು!” ಎಂದು ಅರಚಿದೆ. ಅವನು ಎರಡೂ ಕಾಲು ಮೇಲೆತ್ತಿಬಿಟ್ಟ.

ಕಾರು ಕಲ್ಲಿನ ಮೇಲೆ ಹತ್ತಿ ಹೊಟ್ಟೆ ಸೀಳಿಕೊಂಡು ನಿಂತಿತು. ನನ್ನ ಕಾಲು ನನ್ನ ಬ್ರೇಕಿಗೆ ಹೋದದ್ದು ಆಮೇಲೆ. ಆಯಿಲೆಲ್ಲ ಹುರುಳಿಗೆ ಹರಿಯುತ್ತಿತ್ತು. ಹುರುಳಿಯ ಒಡತಿ ಎರಡೂ ಭಾಷೆಯಲ್ಲಿ ನಮ್ಮ ವಂಶವನ್ನೆಲ್ಲ ಬೈದಳು.

ಇನ್‌ಸ್ಪೆಕ್ಟರ್ ಹಣೆ ಒತ್ತಿಕೊಳ್ಳುತ್ತ ಇಳಿದರು. ಸಿಟ್ಟೂ ಮಾಡಲಿಲ್ಲ. “ನಿಮಗೆ ಓಡಿಸೋಕೆ ಬರುತ್ತೆ. ಕಲಿಸೋಕೆ ಬರಲ್ಲ” ಅಂದರು.

ಶಿಷ್ಯ ಇಳಿದು ನನ್ನ ಹತ್ತಿರ ಬಂದ. “ನೀವೇ ಒದ್ದು, ಒದ್ದು ಅಂದ್ರಲ್ಲ ಮೇಷ್ಟ್ರೇ. ಅದ್ಕೇ ಕಾಲ್ ತೆಗ್ದೆ.”

ತೆಲುಗಿನಲ್ಲಿ ಒದ್ದು ಅಂದರೆ ಬೇಡ. ಹೆದರಿದ ಹೊತ್ತಿನಲ್ಲಿ ನನ್ನ ಕನ್ನಡ ಅವನ ಕಿವಿಯಲ್ಲಿ ತೆಲುಗಾಗಿತ್ತು. ಇನ್‌ಸ್ಪೆಕ್ಟರಿಗೆ ವಿವರಿಸಲು ಬಾಯಿ ತೆರೆದೆ. ಮಾಲೀಕರು ಕೈ ಅಡ್ಡ ಹಿಡಿದು, “ಸುಮ್ಕಿರಲೇ, ಇನ್ನೂ ಮಾನ ಕಳೀಬ್ಯಾಡ” ಅಂದರು. ಮುಂದಿನ ಸಲ ನೋಡೋಣ ಅಂತಲೂ ಅಂದರು. ಆ ಮುಂದಿನ ಸಲ ಬರಲೇ ಇಲ್ಲ. ಮೊಳಕಾಲ್ಮೂರಿನ ಸ್ಕೂಲಿನಲ್ಲಿ ಅವರ ಅಳಿಯ ಕಲಿಸುತ್ತಾನೆ. ಅವ್ವ ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತಾದರೂ ಬಿಡುತ್ತಿದ್ದೆ.

ಶಿಷ್ಯ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಮಗ್ಗದ ಗುಂಡಿಗೇ ಇಳಿದ. ಸೀರೆಯ ಗಂಟು ಹಿಡಿದು ನನ್ನ ಟೆಂಪೊದಲ್ಲೇ ಚಳ್ಳಕೆರೆಗೆ ಹೋಗಿಬರುತ್ತಾನೆ; ಮುಂದಿನ ಸೀಟಿನಲ್ಲಿ, ನನ್ನ ಎಡಕ್ಕೆ ಕೂರುತ್ತಾನೆ. ಒಂದು ದಿನ ಕೊಂಡ್ಲಹಳ್ಳಿ ಬಳಿ ಅವನು “ಮೇಷ್ಟ್ರೇ, ಇಲ್ಲೊಂದು ನಿಮಿಷ ನಿಲ್ಸ್ರಿ” ಅಂದ. ಹಿಂದಿದ್ದವರು ಗೊಳ್ಳೆಂದು ನಕ್ಕರು. “ಯಾರಲೇ ಮೇಷ್ಟ್ರು? ಈ ಡ್ರೈವರನಾ?”

ನನಗೆ ಮೈಯೆಲ್ಲ ಉರಿಯಿತು. ಇನ್ನು ಹಾಗೆ ಕರೆಯಬೇಡ ಅನ್ನಲು, ಅವನಿಗೆ ತಿಳಿಯಲೆಂದೇ ತೆಲುಗಿನಲ್ಲಿ, “ಒದ್ದು!” ಎಂದು ಗದರಿದೆ.

ಅವನು ಬೆಚ್ಚಿಬಿದ್ದು, ನಾನು ‘ಒತ್ತು’ ಅಂದೆನೇನೋ ಎಂಬಂತೆ, ಎರಡೂ ಕಾಲನ್ನು ಒಟ್ಟಿಗೇ ನೆಲದ ತಗಡಿಗೆ ಬಲವಾಗಿ ಒತ್ತಿ ಹಿಡಿದ. ಅಲ್ಲಿ ಬ್ರೇಕು ಇರಲಿಲ್ಲ.