ಶೇಷಣ್ಣನ ಓಡುವ ಅಕ್ಷರ

ಪೇಂಟರ್ ಶೇಷಣ್ಣನ ತಲೆ ಯಾವಾಗಲೂ ಬಲಕ್ಕೆ ಒಂಚೂರು ವಾಲಿರುತ್ತಿತ್ತು. ನಲವತ್ತು ವರ್ಷ ಬಸ್ಸಿನ ಬೋರ್ಡಿಗೆ ವಾಲಿದ ಅಕ್ಷರ ಬರೆದೂ ಬರೆದೂ ಹಾಗಾಯಿತೋ, ಕುತ್ತಿಗೆ ಹಾಗಿದ್ದುದರಿಂದ ಅಕ್ಷರ ವಾಲಿತೋ, ಕೊಪ್ಪದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರವರನ್ನೆಲ್ಲ ಅಣಕಿಸುವುದು ನನ್ನ ಚಟ. ಒಮ್ಮೆ ಟೀ ಅಂಗಡಿಯಲ್ಲಿ ಶೇಷಣ್ಣನ ಕುತ್ತಿಗೆ ಮಾಡಿ ತೋರಿಸುತ್ತಿದ್ದಾಗ ಹಿಂದೆ ಅವರೇ ನಿಂತಿದ್ದರು. ಬೈಯಲಿಲ್ಲ. ನನ್ನ ಗಲ್ಲ ಹಿಡಿದು ತಲೆಯನ್ನು ಸ್ವಲ್ಪ ನೆಟ್ಟಗೆ ಮಾಡಿ, "ಇಷ್ಟು ಸಾಕು ಮಾರಾಯ. ಇನ್ನೂ ವಾಲಿದ್ರೆ ಕುಡಿದವನ ಹಾಗೆ ಕಾಣ್ತದೆ" ಅಂದರು.

ಅವರ ಅಕ್ಷರ ದಪ್ಪ, ಬಲಕ್ಕೆ ಬಾಗಿದ್ದು. ಗೆರೆ ಮುಗಿಯುವಲ್ಲೆಲ್ಲ ಪುಟ್ಟ ಪಾದ, ಬಾಗಿದ್ದು ಜಾರಬಾರದಲ್ಲ ಅದಕ್ಕೆ. ಬಸ್ಸು, ಜೀಪು, ನಾಟಕದ ಬೋರ್ಡಿಗೆ ಅದೇ ಅಕ್ಷರ. ದೇವಸ್ಥಾನದ ಕಮಾನಿಗೆ ಮಾತ್ರ ಎಷ್ಟು ಕೇಳಿದರೂ ಬರೆಯುತ್ತಿರಲಿಲ್ಲ. ಇದು ಓಡುವ ಅಕ್ಷರ, ದೇವರು ಎಲ್ಲಿಗೂ ಹೊರಟಿಲ್ಲವಲ್ಲ ಅನ್ನುತ್ತಿದ್ದರು.

ನಾನು ಬಸ್ ಸ್ಟ್ಯಾಂಡ್ ಎದುರು ಡಿಟಿಪಿ ಅಂಗಡಿ ಇಟ್ಟವನು. ಸ್ಟಿಕ್ಕರ್ ಕತ್ತರಿಸುವ ಮಿಷನ್ ತಂದ ಮೇಲೆ ಅವರ ಕೆಲಸಗಳೆಲ್ಲ ಒಂದೊಂದಾಗಿ ನನ್ನ ಕಡೆ ಬಂದವು. ಉಳಿದದ್ದು ಶೃಂಗೇರಿಗೆ ಓಡುವ ಸುಬ್ಬೇಗೌಡರ ಬಸ್ಸೊಂದೇ. ಅದೂ ಹೋದರೆ ಶೇಷಣ್ಣ ಬ್ರಷ್ ಎತ್ತಿಡುವುದೇ. ಗೌಡರು ಹೊಸ ಬಸ್ಸು ತಂದು, ಬೋರ್ಡನ್ನು ನನಗೇ ಕೊಟ್ಟರು.

ನಾನು 'ಕೊಪ್ಪ' ಅಂತ ಟೈಪ್ ಮಾಡಿ, ದಪ್ಪ ಮಾಡುವ ಬಟನ್ ಒತ್ತಿ, ವಾಲಿಸುವ ಬಟನ್ನೂ ಒತ್ತಿದೆ. ಶೇಷಣ್ಣ ಬಂದು ನೋಡಿ, "ಎಂತ ಇದು? ಮೇಲಿನ ಪ ಶೃಂಗೇರಿಗೆ ಹೊರಟಿದೆ, ಕೆಳಗಿನ ಒತ್ತು ಹಿಂದೆ ಎನ್.ಆರ್.ಪುರಕ್ಕೆ ಹೊರಟಿದೆ" ಅಂದರು. ನಾನು ನಕ್ಕೆ. ಗೌಡರೂ ನಕ್ಕರು.

ನಮ್ಮ ಕಡೆ ಕೈ ಅಡ್ಡ ಹಿಡಿದಲ್ಲೇ ಬಸ್ ಸ್ಟಾಪು. ತಿರುವಿನಲ್ಲಿ ಬಸ್ಸು ಕಂಡು, ಬೋರ್ಡು ಓದಿ, ಕೈ ಎತ್ತುವಷ್ಟರಲ್ಲಿ ಅದು ಎದುರಿಗೇ ಬಂದಿರುತ್ತದೆ. ಮೊದಲ ದಿನ ಭಂಡಿಗಡಿಯಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಬಸ್ಸು ದಾಟಿದ ಮೇಲೆ ಎಲ್ಲರೂ ಹಿಂದೆ ಓಡಿಬಂದರು. ಫೋಟೊ ತೆಗೆಯಲೆಂದು ನಾನೂ ಬಸ್ಸಿನಲ್ಲಿದ್ದೆ. ಬುಟ್ಟಿ ಹೊತ್ತು ಏದುಸಿರು ಬಿಡುತ್ತ ಹತ್ತಿದ ಅಜ್ಜಿಯೊಬ್ಬರು ಬೋರ್ಡು ಬರೆದವನಿಗೆ ಮಂಗಳಾರತಿ ಎತ್ತಿದರು. ನಾನೂ ಅವರ ಜೊತೆ ಸೇರಿ ಅವನನ್ನು ಚೆನ್ನಾಗಿ ಬೈದೆ.

ಮರುವಾರ ಗೌಡರು ಶೇಷಣ್ಣನನ್ನು ಕರೆಸಿದರು. ಅವರು ಎರಡು ದಿನ ಕೂತು ಬರೆದರು. ಒತ್ತನ್ನು ಅದರದೇ ಲೆಕ್ಕದಲ್ಲಿ ಬಾಗಿಸಿ ಪ-ದ ಅಡಿಗೇ ಕೂರಿಸಿದರು. ದಪ್ಪದಲ್ಲಿ ಮುಚ್ಚಿಹೋಗಿದ್ದ ಅಕ್ಷರಗಳ ಹೊಟ್ಟೆ ಬಿಡಿಸಿದರು. ಭಂಡಿಗಡಿ ತಿರುವಿನಲ್ಲಿ ಬಸ್ಸು ಮೂತಿ ತೋರಿಸಿದ್ದೇ ತಡ, ಒಂಬತ್ತು ಕೈ ಮೇಲೆ. ಶೇಷಣ್ಣ ಮುಂದಿನ ಸೀಟಿನಲ್ಲಿ ಮದುಮಗನ ಹಾಗೆ ಕೂತಿದ್ದರು.

ಅವತ್ತೇ ನಾನು ಅವರ ಶಿಷ್ಯನಾದೆ. ಅವರು ಬರೆದುಕೊಟ್ಟ ಅಕ್ಷರಗಳನ್ನು ಕಂಪ್ಯೂಟರಿಗೆ ಇಳಿಸಿ ಫಾಂಟ್ ಮಾಡಲು ಒಂದೂವರೆ ವರ್ಷ ಹಿಡಿಯಿತು. 'ಳ' ಒಂದನ್ನೇ ಹದಿನಾಲ್ಕು ಸಲ ವಾಪಸ್ ಮಾಡಿದರು. ಮುಗಿದ ದಿನ ಅವರ ಬೆರಳನ್ನು ಕೀ ಮೇಲೆ ಇಡಿಸಿದೆ. ಎತ್ತಲು ಮರೆತರು. ಪರದೆ ತುಂಬ ಕ, ಸಾಲು ಸಾಲು ಕ. ನಾನು ಕೈ ಸರಿಸಲು ಹೋದರೆ, "ತಡಿ. ಎಲ್ಲಿವರೆಗೆ ಹೋಗ್ತದೆ ನೋಡುವ" ಅಂದರು.

ಅದೇ ಕೊನೆ. ಆ ಮಳೆಗಾಲದಲ್ಲಿ ಶೇಷಣ್ಣ ತೀರಿಕೊಂಡರು. ಅಕ್ಷರ ಮಾತ್ರ ಹೋಗುತ್ತಲೇ ಇದೆ, ಮೂರು ತಾಲ್ಲೂಕಿನ ಬಸ್ಸು, ಆಟೋ, ಹಾಲಿನ ವ್ಯಾನಿನ ಮೇಲೆ. ನಿನ್ನೆ ಎನ್.ಆರ್.ಪುರದಲ್ಲಿ ಕಬಡ್ಡಿ ಫೈನಲ್. ನೆಮ್ಮಾರು ತಂಡದ ಏಳೂ ಜನರ ಜೆರ್ಸಿಯ ಬೆನ್ನ ಮೇಲೆ ಶೇಷಣ್ಣನ ಅಕ್ಷರ. ಗೆದ್ದರು. ಕಪ್ ಎತ್ತಿಕೊಂಡು ಮೈದಾನ ಸುತ್ತುವಾಗ ಬೆನ್ನಿನ ಅಕ್ಷರಗಳು ಆ ಏಳು ಜನರಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿದ್ದವು.