ಹನುಮನಹಳ್ಳಿಯಲ್ಲಿ ಕನ್ನಡ ಕಲಿತ ಬೇಸಿಗೆ

ನನ್ನನ್ನು ಒಂದು ಬುಟ್ಟಿಯಲ್ಲಿ ಕೂಡಿಸಿ ಹೊಳೆಗೆ ಬಿಟ್ಟರು. ಹೈದರಾಬಾದಿನ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳ ಕಣ್ಣಿಗೆ ಹರಿಗೋಲು ಬುಟ್ಟಿಯಲ್ಲದೆ ಮತ್ತೇನಾಗಿ ಕಂಡೀತು? ಬಿದಿರು ಹೆಣೆದು ಚರ್ಮ ಹೊದಿಸಿದ, ಮುಂದು ಹಿಂದು ಎಂಬುದೇ ಇಲ್ಲದ ಆ ದುಂಡನೆಯ ದೋಣಿಯಲ್ಲಿ ನಾನು, ನನ್ನ ಅಬ್ಬಾ, ನನ್ನ ತಗಡಿನ ಟ್ರಂಕು ಮತ್ತು ಯಾರದೋ ಆಡುಗಳು. ನಡುನೀರಿಗೆ ಹೋದಾಗ ಅದು ಗರಗರನೆ ತಿರುಗಿತು. ಎದುರಿಗಿದ್ದ ಆನೆಗುಂದಿಯ ಬಂಡೆಗಳು ಬೆನ್ನ ಹಿಂದೆ ಹೋದವು, ಬಿಟ್ಟುಬಂದ ದಂಡೆ ಎದುರಿಗೆ ಬಂತು. ಅಬ್ಬಾ ಒಂದು ಕೈಯಲ್ಲಿ ಟ್ರಂಕನ್ನೂ ಇನ್ನೊಂದರಲ್ಲಿ ನನ್ನ ಬುರ್ಖಾದ ಅಂಚನ್ನೂ ಹಿಡಿದುಕೊಂಡು, ಬೇಡವೆನಿಸಿದರೆ ಈಗಲೂ ಹೇಳು, ಇದೇ ದೋಣಿಯಲ್ಲಿ ತಿರುಗಿ ಹೋಗೋಣ ಎಂದರು. ನಾನು ತಿರುಗಿ ಹೋಗುವುದಿಲ್ಲವೆಂದು ತಲೆಯಲ್ಲಾಡಿಸಿದೆ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು.

ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಗಂಗಾವತಿ, ಕೊಪ್ಪಳ ಸೀಮೆಯವರೇ. ಹರಿಗೋಲು ನಿಮಗೆ ದಿನದ ಮಾತು. ಹೊರಗಿನಿಂದ ಬಂದವಳಿಗೆ ನಮ್ಮ ಸೀಮೆ ಹೇಗೆ ಕಂಡಿತೆಂದು ಬರೆಯಿರಿ ಅಂತ ಸಂಪಾದಕರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಎಲ್ಲ ಪಾಠಗಳೂ ಉರ್ದುವಿನಲ್ಲಿ. ಹೈದರಾಬಾದ್ ಸಂಸ್ಥಾನದ ಜನ ಆಡುವುದು ಮಾತ್ರ ತೆಲುಗು, ಮರಾಠಿ, ಕನ್ನಡ. ಓದು ಮುಗಿಸಿ ಜಿಲ್ಲೆಗಳಿಗೆ ಕೆಲಸಕ್ಕೆ ಹೋದವರು ಅಲ್ಲಿಯ ಜನರ ಎದುರು ಮೂಕರಂತೆ ನಿಲ್ಲುತ್ತಾರೆ ಎನ್ನುವುದು ನಮ್ಮ ಪ್ರೊಫೆಸರರೊಬ್ಬರ ಕೊರಗಾಗಿತ್ತು. ಅದಕ್ಕಾಗಿ ಅವರು ಒಂದು ಏರ್ಪಾಟು ಮಾಡಿದರು. ಬೇಸಿಗೆ ರಜೆಯಲ್ಲಿ ಬೇರೆ ಭಾಷೆಯ ಊರಿಗೆ ಹೋಗಬೇಕು, ಅಲ್ಲಿಯವರ ಮನೆಯಲ್ಲಿ ಇರಬೇಕು, ಅವರ ಮಾತು ಕಲಿತು ಬಂದು ಪರೀಕ್ಷೆ ಕೊಡಬೇಕು. ಕನ್ನಡ ಆರಿಸಿಕೊಂಡ ಗಂಡುಮಕ್ಕಳನ್ನು ಕುಷ್ಟಗಿ, ಯಲಬುರ್ಗಿ ಕಡೆ ಕಳಿಸಿದರು. ಹುಡುಗಿಯರಲ್ಲಿ ಕನ್ನಡಕ್ಕೆ ಹೆಸರು ಕೊಟ್ಟವಳು ನಾನೊಬ್ಬಳೇ. ದೊಡ್ಡ ಆದರ್ಶವೇನೂ ಇರಲಿಲ್ಲ. ಅಬ್ಬಾನ ನೌಕರಿ ಮುಗಿಯುತ್ತ ಬಂದಿತ್ತು, ಕನ್ನಡ ಬಲ್ಲ ಉಸ್ತಾನಿಯರು, ಅಂದರೆ ನೀವು ಅಕ್ಕೋರು ಅನ್ನುತ್ತೀರಲ್ಲ ಅವರು, ಸಾಲಿಗಳಿಗೆ ಸಿಗುತ್ತಿರಲಿಲ್ಲ. ಪರೀಕ್ಷೆ ಪಾಸಾದರೆ ನನಗೆ ಕೆಲಸ, ಇಲ್ಲದಿದ್ದರೆ ಮದುವೆ. ಅಮ್ಮಿ ಆಗಲೇ ಒಂದು ಮನೆತನ ನೋಡಿಟ್ಟಿದ್ದಳು.

ನನ್ನನ್ನು ಇರಿಸಿದ್ದು ಅಂಜನಾದ್ರಿ ಬೆಟ್ಟದ ಬುಡದ ಹನುಮನಹಳ್ಳಿಯಲ್ಲಿ, ಹುಸೇನಬೀ ಎಂಬ ವಿಧವೆಯ ಮನೆಯಲ್ಲಿ. ಅಬ್ಬಾನ ಕಚೇರಿಯ ಸ್ನೇಹಿತರೊಬ್ಬರಿಗೆ ಆಕೆ ದೂರದ ಅಕ್ಕ. ಮುಸಲ್ಮಾನರ ಮನೆ, ಉರ್ದು ಇದ್ದೇ ಇರುತ್ತದೆ, ಕಷ್ಟವಾದಾಗ ಅದರೊಳಗೆ ಅಡಗಿಕೊಳ್ಳಬಹುದು ಎಂದು ನಾನು ಒಳಗೊಳಗೇ ಸಮಾಧಾನಪಟ್ಟಿದ್ದೆ. ಅಬ್ಬಾ ಗಾಡಿ ಹತ್ತಿ ಹೋದಮೇಲೆ ಉರ್ದುವಿನಲ್ಲಿ ಕುಡಿಯಲು ನೀರು ಕೇಳಿದೆ. ಹುಸೇನಬೀ ನನ್ನನ್ನು ನೋಡಿ ಕಿವಿ ಮುಟ್ಟಿಕೊಂಡರು.

“ನನಗ ಎಡಗಿವಿ ಪೂರಾ ಕೇಳಂಗಿಲ್ಲ,” ಅಂದರು. “ಬಲಗಿವಿಗೆ ಉರ್ದು ಕೇಳಂಗಿಲ್ಲ.”

ಮೊದಲನೆಯದು ನಿಜ, ಬಲಗಿವಿಯೂ ಸ್ವಲ್ಪ ಮಂದವೇ. ಎರಡನೆಯದು ಆಕೆ ಅಬ್ಬಾನಿಗೆ ಕೊಟ್ಟ ಮಾತು. ಊರಿನ ನಮ್ಮವರ ಜೊತೆ ಈ ಕಡೆಯ ಉರ್ದುವಾದ ದಖನಿಯಲ್ಲಿ ನಗುನಗುತ್ತ ಹರಟುವವರು ನನ್ನ ಕಡೆ ತಿರುಗಿದೊಡನೆ ಕಲ್ಲಾಗುತ್ತಿದ್ದರು. ಸುಮಾರು ಹೊತ್ತು ಬಾಯಾರಿ ಕುಳಿತೆ. ಕೊನೆಗೆ ಟ್ರಂಕಿನಿಂದ ಕನ್ನಡ ಕಲಿಯುವ ಪುಸ್ತಕ ತೆಗೆದು ಹುಡುಕಿ, “ಖಾಲಾ, ನೀರು” ಎಂದೆ. ಖಾಲಾ ಅಂದರೆ ನಮ್ಮಲ್ಲಿ ಚಿಕ್ಕಮ್ಮ. ಕೇಳಿಸಲಿಲ್ಲವೆಂದರು. ಮತ್ತೆ ಅಂದೆ. ಮೂರನೆಯ ಸಲ ಕಿರುಚಿದಾಗ ಚೊಂಬು ಬಂತು, ಅದರ ಜೊತೆಗೆ ಗೋಡೆಯಾಚೆಯಿಂದ ಒಂದು ನಗೆಯೂ ಬಂತು.

ಆ ನಗೆ ಅಂಬಿಗರ ಗಂಗವ್ವನದು. ಎರಡು ಮನೆಗಳ ನಡುವೆ ಎದೆಯೆತ್ತರದ ಗೋಡೆ. ಖಾಲಾಗೆ ಕೇಳಿಸಬೇಕೆಂದು ನಾನು ಕೂಗಿ ಆಡಿದ ಒಂದೊಂದು ತಪ್ಪು ಮಾತೂ ಗಂಗವ್ವನಿಗೆ ಮೊದಲು ಮುಟ್ಟುತ್ತಿತ್ತು, ಆಕೆ ಅಲ್ಲಿಂದಲೇ ತಿದ್ದುತ್ತಿದ್ದಳು. ಕಾಲೇಜಿನಲ್ಲಿ ನಾಚಿಕೆಯಿಂದ ಗುನುಗುತ್ತಿದ್ದ ನಾನು ಇಲ್ಲಿ ಗುನುಗುವಂತೆಯೇ ಇರಲಿಲ್ಲ. ಕನ್ನಡವನ್ನು ನಾನು ಕೂಗಿ ಕೂಗಿ ಕಲಿತೆ. ಈಗಲೂ ನನ್ನ ಕನ್ನಡ ಉರ್ದುವಿಗಿಂತ ಎತ್ತರದ ದನಿಯಲ್ಲಿದೆ.

ಎಲ್ಲಕ್ಕಿಂತ ಕಾಡಿದ್ದು ‘ಳ’. ನಮ್ಮಲ್ಲಿ ಆ ಅಕ್ಷರವೇ ಇಲ್ಲ. ಒಮ್ಮೆ ಬಟ್ಟೆ ಒಗೆದುಕೊಂಡು ಬಂದು, ಹೋಲಿಗೆ ಹೋಗಿದ್ದೆ ಎಂದೆ. ಗಂಗವ್ವ ಬಣ್ಣ ಎಲ್ಲಿ ಎಂದು ನನ್ನ ಸೀರೆಯನ್ನು ತಿರುಗಿಸಿ ನೋಡಿದಳು. ಹೊಳಿ ಅಂದರೆ ನದಿ, ಹೋಳಿ ಅಂದರೆ ಹಬ್ಬ, ನಾಲಿಗೆಯನ್ನು ಹೀಗೆ ಮಡಚು ಎಂದು ಬಾಯಿ ತೆರೆದು ತೋರಿಸಿದಳು. ಅವತ್ತು ಸಂಜೆಯವರೆಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಹೊಳಿ, ಹೋಳಿ ಎಂದು ಇಬ್ಬರೂ ನನ್ನಿಂದ ಹೇಳಿಸಿದರು.

ಊಟದಲ್ಲೂ ಹಾಗೆಯೇ, ಗೊತ್ತಿದ್ದದ್ದು ಗೊತ್ತಿಲ್ಲದ ವೇಷದಲ್ಲಿ ಬರುತ್ತಿತ್ತು. ಹುಳಿಸೊಪ್ಪಿನ ಪುಂಡಿಪಲ್ಲೆ ಬಾಯಿಗಿಟ್ಟಾಗ ಕಣ್ಣು ತುಂಬಿತು. ಅದು ನಮ್ಮ ಮನೆಯ ಅಂಬಾಡಾ. ಅಲ್ಲಿ ಅನ್ನದ ಜೊತೆ, ಇಲ್ಲಿ ಜೋಳದ ರೊಟ್ಟಿಯ ಜೊತೆ. ಹೈದರಾಬಾದಿನಲ್ಲಿ ಮಧ್ಯಾಹ್ನದ ಹೊತ್ತು ಗಲ್ಲಿಯ ತುಂಬ ಮಾರುವವರ ಕೂಗು, ಒಂದರ ಹಿಂದೊಂದು ಮಸೀದಿಯ ಬಾಂಗು. ಇಲ್ಲಿ ಬಾಂಗು ಕೇಳುತ್ತಿರಲಿಲ್ಲ. ಬೆಟ್ಟದ ಬಂಡೆಯ ನೆರಳು ನೋಡಿ ಖಾಲಾ ನಮಾಜಿನ ಹೊತ್ತು ಹೇಳುತ್ತಿದ್ದರು. ಆಕೆ ಉಂಡು ಮಲಗಿದಾಗ ಮಂಗಗಳು ಹೆಂಚಿನ ಮೇಲೆ ಓಡಾಡುವ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಆ ಹೊತ್ತಿನಲ್ಲಿ ನಾನು ಟ್ರಂಕು ತೆಗೆದು ಅಮ್ಮಿ ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದೆ.

ಒಂದು ದಿನ ಬೆಟ್ಟ ಹತ್ತಲು ಬಂದ ಯಾತ್ರಿಕನೊಬ್ಬ ಮೆಟ್ಟಿಲಿನ ದಾರಿ ಕೇಳಿದ. ಆ ಬೇವಿನ ಮರದ ಹಿಂದಿನಿಂದ ಹೋಗ್ರಿ ಎಂದೆ. ಆತ ತಿರುಗಿ ನೋಡದೆ ಹೋದ. ನನ್ನ ಮಾತು ಕೇಳಿದವರೆಲ್ಲ ಅಲ್ಲಿಯವರೆಗೆ ಒಂದು ಸಲ ತಿರುಗಿ ನೋಡೇ ನೋಡುತ್ತಿದ್ದರು. ಅವನು ನೋಡಲಿಲ್ಲ. ಅವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ರಜೆ ಮುಗಿಯುತ್ತ ಬಂದಾಗ ಆದದ್ದನ್ನು ಈಗ ಹೇಳುತ್ತೇನೆ. ಹನುಮನಹಳ್ಳಿಗೂ ವಿರೂಪಾಪುರಗಡ್ಡೆಗೂ ನಡುವೆ ಬೇಸಿಗೆಯಲ್ಲಿ ಹೊಳೆ ಸಣಕಲಾಗಿ ಮರಳು ಬಯಲಾಗುತ್ತದೆ. ಆ ಮರಳಿನಲ್ಲಿ ಖಾಲಾ ಕರಬೂಜ ಹಾಕಿದ್ದರು. ಕೊನೆಯ ಹಣ್ಣುಗಳನ್ನು ಕಿತ್ತು ತರಲು ಇಬ್ಬರೂ ಹೋದೆವು. ಹೋಗುವಾಗ ನೀರು ಹಿಮ್ಮಡಿ ತೊಯ್ಯುವಷ್ಟಿತ್ತು. ಆಕಾಶ ಬೋಳಾಗಿತ್ತು, ಊರಲ್ಲಿ ಆ ವರ್ಷದ ಒಂದು ಹನಿಯೂ ಬಿದ್ದಿರಲಿಲ್ಲ. ಖಾಲಾ ಊರಿಗೆ ಬೆನ್ನು ಮಾಡಿ ಬಳ್ಳಿಯ ಮೇಲೆ ಬಗ್ಗಿದ್ದರು, ನಾನು ಬುಟ್ಟಿಗೆ ತುಂಬುತ್ತಿದ್ದೆ.

ದಂಡೆಯ ಮೇಲೆ ಗಂಗವ್ವ ನಿಂತು ಸೆರಗು ಬೀಸುತ್ತ ಏನೋ ಕೂಗಿದಳು. ಗಾಳಿಯಲ್ಲಿ ಮಾತು ಎಳೆದೆಳೆದು ಬಂತು. ಹೋಳಿ ಬಂತು, ಹೋಳಿ ಬಂತು. ಹೋಳಿ ಮುಗಿದು ಎಷ್ಟು ಕಾಲವಾಯಿತು, ನನ್ನನ್ನೇ ಅಣಕಿಸುತ್ತಿದ್ದಾಳೆ ಎಂದುಕೊಂಡು ನಕ್ಕು ಕೈ ಬೀಸಿದೆ. ಆಕೆ ನಗಲಿಲ್ಲ. ಮತ್ತೆ ಕೂಗಿದಳು, ಗಂಟಲು ಒಡೆಯುವ ಹಾಗೆ. ಖಾಲಾಗೆ ಅದು ಕೇಳಿಸಿರಲೇ ಇಲ್ಲ. ನನಗೆ ಅರ್ಥವಾಗಲಿಲ್ಲ, ಆದರೆ ಅವರಿಗೆ ಹೇಳಬೇಕು ಅನ್ನಿಸಿತು. ರೂಢಿಯಾದ ನನ್ನ ಎತ್ತರದ ದನಿಯಲ್ಲಿ ಅವರ ಬಲಗಿವಿಯ ಬಳಿ ಅಂದೆ.

“ಖಾಲಾ, ಹೋಳಿ ಬಂತು ಅಂತ ಗಂಗವ್ವ ಕೂಗಾಕತ್ಯಾಳ.”

ಆಕೆ ತಲೆಯೆತ್ತಿ ಮೇಲ್ಗಡೆಯ ಬಂಡೆಗಳತ್ತ ನೋಡಿದರು. ಅಲ್ಲಿ ನೀರಿನ ಬಣ್ಣ ಬೇರೆಯಾಗಿತ್ತು. ಕೆಂಪು ನೊರೆ, ಕಸಕಡ್ಡಿ. ಮೇಲಿನ ಸೀಮೆಯಲ್ಲಿ ಎಲ್ಲೋ ಮಳೆ ಹೊಯ್ದಿತ್ತು. ಇಲ್ಲಿಯವರು ಪ್ರವಾಹಕ್ಕೆ ಹೊಳಿ ಬಂತು ಅನ್ನುತ್ತಾರೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಣ್ಣೆದುರೇ ಹರಿಯುತ್ತಿರುವ ಹೊಳೆ ಮತ್ತೆ ಬರುವುದೆಂದರೇನೆಂದು ನನಗೆ ಹೊಳೆಯುವುದಾದರೂ ಹೇಗೆ?

ಬುಟ್ಟಿ ಅಲ್ಲೇ ಉಳಿಯಿತು. ಖಾಲಾ ನನ್ನ ಮುಂಗೈ ಹಿಡಿದು ಎಳೆದುಕೊಂಡು ಓಡಿದರು. ಹೋಗುವಾಗ ಹಿಮ್ಮಡಿಯಷ್ಟಿದ್ದ ನೀರು ಮೊಣಕಾಲಿಗೆ ಬಂತು, ನಡುವೆ ಸೊಂಟಕ್ಕೆ ಬಂತು. ಕಾಲ ಕೆಳಗಿನ ಮರಳು ಸರಿಯುತ್ತಿತ್ತು. ನಾನು ಹಿಮ್ಮಡಿಗಿಂತ ಆಳದ ನೀರಿಗೆ ಹಿಂದೆಂದೂ ಇಳಿದವಳಲ್ಲ. ನೀರು ನೋಡಬ್ಯಾಡ, ಗಂಗವ್ವನ ಮಾರಿ ನೋಡು ಎಂದು ಖಾಲಾ ಹೇಳುತ್ತಲೇ ಇದ್ದರು. ಗಂಗವ್ವ ಎದೆಮಟ್ಟ ಇಳಿದು, ಹರಿಗೋಲು ನಡೆಸುವ ಹುಟ್ಟನ್ನು ನಮ್ಮ ಕಡೆ ಚಾಚಿದಳು. ಮೊದಲು ನಾನು ಹಿಡಿದೆ, ನನ್ನನ್ನು ಹಿಡಿದು ಖಾಲಾ ಬಂದರು. ದಂಡೆಯಲ್ಲಿ ಕುಸಿದು ತಿರುಗಿ ನೋಡಿದಾಗ ಮರಳ ಬಯಲು ಕಾಣಲಿಲ್ಲ. ಕರಬೂಜದ ಹಣ್ಣುಗಳು ತಲೆಗಳ ಹಾಗೆ ಏಳುತ್ತ ಮುಳುಗುತ್ತ ಹೋಗುತ್ತಿದ್ದವು.

ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಖಾಲಾ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಕೇಳಿದರು.

“ಡರ್ ಗಯೀ ಕ್ಯಾ, ಬೇಟೀ?”

ಹೆದರಿದೆಯಾ ಮಗಳೇ ಎಂದು. ಆ ಮನೆಗೆ ಬಂದಮೇಲೆ ಅವರು ನನ್ನೊಡನೆ ನನ್ನ ಭಾಷೆಯಲ್ಲಿ ಆಡಿದ ಮೊದಲ ಮಾತು ಅದು. ಅಷ್ಟು ದಿನ ಅದಕ್ಕಾಗಿ ಹಂಬಲಿಸಿದವಳ ಬಾಯಿಂದ ಹೊರಟದ್ದು ಮಾತ್ರ ಕನ್ನಡ.

“ಇಲ್ಲರಿ ಖಾಲಾ. ನೀವು ಅದೀರಲ್ಲ.”

ಆಕೆ ಅತ್ತರು. ನಾನು ಹೋಳಿ ಬಂತು ಅಂದದ್ದು ತಿಳಿದಮೇಲೆ ಗಂಗವ್ವ ತೊಯ್ದ ಸೀರೆಯಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವೂ ನಕ್ಕೆವು. ಬದುಕಿದ ನಿರಾಳದಲ್ಲಿ ಆ ನಗು ಬೇಗನೆ ನಿಲ್ಲಲಿಲ್ಲ. ಹಣ್ಣು ಹೋದವಲ್ಲ ಎಂದು ನಾನು ಪೇಚಾಡಿದರೆ ಖಾಲಾ, ಹೋಗಲಿ ಬಿಡು, ಮಂದಿ ಉಳಿದೇವಿ ಎಂದರು.

ಪರೀಕ್ಷೆಯಲ್ಲಿ ಮಾತಾಡಲು ಹೇಳಿದಾಗ ಇದನ್ನೇ ಹೇಳಿದೆ. ಇಷ್ಟು ಜೋರಾಗಿ ಏಕೆ ಹೇಳುತ್ತಿದ್ದೀರಿ ಎಂದು ಪರೀಕ್ಷಕರು ಕೇಳಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಪಾಸಾದ ಸುದ್ದಿ ಬಂದ ದಿನ ಅಬ್ಬಾ ಹೋಗಿ ಮಿಠಾಯಿ ತಂದರು. ಅಮ್ಮಿ ಮುನಿಸಿಕೊಂಡೇ ಒಂದು ತುಂಡು ತಿಂದಳು. ಡಿಗ್ರಿ ಮುಗಿದಮೇಲೆ ಗಂಗಾವತಿಯ ಹುಡುಗಿಯರ ಸಾಲಿಯಲ್ಲಿ ಕೆಲಸವಾಯಿತು.

ಕೆಲಸ ಸಿಕ್ಕಷ್ಟು ಸುಲಭಕ್ಕೆ ಮನೆ ಸಿಗಲಿಲ್ಲ. ಒಬ್ಬಳೇ ಹೆಂಗಸು ಎಂದೊಡನೆ ಬಾಗಿಲು ಮುಚ್ಚುತ್ತಿದ್ದರು. ಸುದ್ದಿ ತಿಳಿದು ಹುಸೇನಬೀ ಖಾಲಾ ಗಾಡಿ ಕಟ್ಟಿಸಿಕೊಂಡು ಬಂದು ನನ್ನನ್ನು ಒಂದು ಮನೆಗೆ ಕರೆದೊಯ್ದರು. ಆಗುವುದಿಲ್ಲ ಎಂದು ಮನೆಯೊಡೆಯ ಎಷ್ಟು ಸಲ ಹೇಳಿದರೂ ಖಾಲಾಗೆ ಕೇಳಿಸಲಿಲ್ಲ. “ಈಕಿ ನಮ್ಮಾಕಿ ಅದಾಳ್ರಿ,” ಎನ್ನುತ್ತಲೇ ಒಳಗೆ ನಡೆದು, ಒಲೆ ಎಲ್ಲಿ ಹಾಕಬೇಕೆಂದು ನೋಡತೊಡಗಿದರು. ಆ ಮನೆಯಲ್ಲೇ ಈಗಲೂ ಇದ್ದೇನೆ. ಮನೆಯೊಡೆಯನ ಮೊಮ್ಮಗಳು ನನ್ನ ಸಾಲಿಗೆ ಬರುತ್ತಾಳೆ.

ಈಗ ಊರಲ್ಲೆಲ್ಲ ತುಂಗಭದ್ರೆಗೆ ಆಣೆಕಟ್ಟು ಕಟ್ಟುವ ಮಾತು. ಅಮ್ಮಿ ಇಲ್ಲಿಗೆ ಒಮ್ಮೆ ಬಂದು ಹೋದಳು. ನಾನು ಕಾಯಿಪಲ್ಲೆಯವಳ ಜೊತೆ ಚೌಕಾಸಿ ಮಾಡುವುದನ್ನು ನೋಡಿ, ನೀನು ಯಾರ ಮಗಳೇ ಎಂದು ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಕೇಳಿದ ಮೇಲೆ ಮುಖ ತಿರುಗಿಸಿ ಕಾಯಿಪಲ್ಲೆ ಆರಿಸತೊಡಗಿದಳು. ನಾನು ಬರೆದ ಈ ಅಕ್ಷರಗಳನ್ನು ಅವಳು ಓದಲಾರಳು. ಯಾರಾದರೂ ಉರ್ದುವಿನಲ್ಲಿ ಹೇಳಬೇಕು.

ಕಳೆದ ರಜೆಯಲ್ಲಿ ಹೈದರಾಬಾದಿಗೆ ಹೊರಟಾಗ ರೈಲಿನಲ್ಲಿ ಕುಕನೂರಿನ ಹೆಂಗಸೊಬ್ಬಳು, ಊರಿಗೆ ಹೊಂಟೀರೇನ್ರಿ ಎಂದು ಕೇಳಿದಳು. ಹೌದ್ರಿ, ಊರಿಗೆ ಎಂದೆ. ತಿರುಗಿ ಬರುವಾಗ ಹೈದರಾಬಾದಿನ ಒಬ್ಬ ಮುದುಕಿ ಪಾನ್ ಮಡಚುತ್ತ, ಮನೆಗೆ ಹೋಗುತ್ತಿದ್ದೀಯಾ ಬೇಟೀ ಎಂದು ಉರ್ದುವಿನಲ್ಲಿ ಕೇಳಿದರು. ಹೌದು, ಮನೆಗೆ ಎಂದೆ. ಎರಡು ಸಲವೂ ಯೋಚಿಸದೆ ಬಂದ ಉತ್ತರ, ಎರಡೂ ನಿಜ. ಆದರೆ ಹೋಗುವಾಗ ಖಾಲಾ, ಬರುವಾಗ ಅಮ್ಮಿ, ನನ್ನನ್ನು ಕಳಿಸಿಕೊಟ್ಟು ಬಾಗಿಲಲ್ಲಿ ನಿಂತೇ ಇದ್ದರು.